ಪೂರ್ತಿ ಸುತ್ತಿದ ಕ್ಯಾಮೆರಾ

ಗಾಜಿನ ಕಾರ್ಖಾನೆಯ ಕುಲುಮೆ ಒಮ್ಮೆ ಹೊತ್ತಿಕೊಂಡರೆ ವರ್ಷಾನುಗಟ್ಟಲೆ ಆರುವುದಿಲ್ಲ. ಆರಿದರೆ ಒಳಗಿನ ಗಾಜೆಲ್ಲ ಹೆಪ್ಪುಗಟ್ಟಿ, ಕುಲುಮೆಗೆ ಕುಲುಮೆಯೇ ಒಂದು ಬಂಡೆಯಾಗಿ ಕೂತುಬಿಡುತ್ತದೆ. ಹಾಗಾಗಿ ಮಳೆ ಸುರಿಯಲಿ, ಸಿಡಿಲು ಬಡಿಯಲಿ, ಮಾಲೀಕರೇ ತೀರಿಕೊಳ್ಳಲಿ, ಬೆಂಕಿ ಮಾತ್ರ ಉರಿಯುತ್ತಲೇ ಇರಬೇಕು. ಕೊನೆಗೊಂದು ದಿನ ಒಳಗೋಡೆಯ ಇಟ್ಟಿಗೆಗಳೇ ಸವೆದು ತೆಳ್ಳಗಾದಾಗ ಗಾಜನ್ನೆಲ್ಲ ಹೊರಗೆ ಹರಿಸಿ, ಕುಲುಮೆಯನ್ನು ಒಡೆದು, ಹೊಸದಾಗಿ ಕಟ್ಟಿ ಮತ್ತೆ ಹೊತ್ತಿಸುತ್ತಾರೆ. ಹಾಗೆ ಹೊತ್ತಿಸಿದ ದಿನ ಕಾರ್ಖಾನೆಯವರೆಲ್ಲ ಅಂಗಳದಲ್ಲಿ ಒಟ್ಟಿಗೆ ನಿಂತು ಒಂದು ಫೋಟೊ ತೆಗೆಸಿಕೊಳ್ಳುವುದು ಮೊದಲ ಮಾಲೀಕರು ಹಾಕಿಕೊಟ್ಟ ಪದ್ಧತಿ. ಮೊದಲನೆಯದನ್ನು ಪುಟ್ಟಿಯ ಅಜ್ಜ ತೆಗೆದಿದ್ದ, ಮುಂದಿನ ಎರಡನ್ನು ಅಪ್ಪ. ಈಗ ನಾಲ್ಕನೆಯದರ ಸರದಿ.

ಪುಟ್ಟಿ ಅಂದರೆ ಪುಟ್ಟ ಹುಡುಗಿಯೇನಲ್ಲ. ನಲವತ್ತು ದಾಟಿ, ಕನ್ನಡಕ ಬಂದು, ಅಜ್ಜನ ಕಾಲದ ಫೋಟೊ ಸ್ಟುಡಿಯೋದ ಯಜಮಾನಿಯಾಗಿದ್ದವಳು. ಹುಟ್ಟಿದಾಗ ಚಿಕ್ಕಮ್ಮ ಕರೆದ ಹೆಸರು ಅಂಟಿಕೊಂಡುಬಿಟ್ಟಿತ್ತು, ಅಷ್ಟೆ. ಅಮ್ಮ ಬೇಗ ಹೋದಳು. ತಲೆ ಬಾಚಿ ಜಡೆ ಹಾಕಿದವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು, ಪಾಠ ಬರದಿದ್ದಾಗ ಕಿವಿ ಹಿಂಡಿದವಳು ಎಲ್ಲ ಚಿಕ್ಕಮ್ಮನೇ.

ಚಿಕ್ಕಮ್ಮ ಹದಿಹರೆಯದಲ್ಲೇ ಕಾರ್ಖಾನೆ ಸೇರಿದ್ದಳು. ಬೆಲ್ಟಿನ ಮೇಲೆ ಸಾಲಾಗಿ ಬರುವ ಬಾಟಲಿಗಳನ್ನು ಬಿಳಿ ದೀಪದ ಎದುರು ಕೂತು ನೋಡುವುದು, ಗುಳ್ಳೆಯೋ ಬಿರುಕೋ ಕಂಡರೆ ತೆಗೆದು ಬಿಸಾಡುವುದು ಅವಳ ಕೆಲಸ. ಆಮೇಲೆ ಬಾಟಲಿ ನೋಡುವ ಯಂತ್ರ ಬಂತು. ಚಿಕ್ಕಮ್ಮನ ಕಣ್ಣಿಗೆ ರಜೆ ಕೊಟ್ಟು ಕೈಗೆ ಸೌಟು ಕೊಟ್ಟರು, ಕ್ಯಾಂಟೀನಿಗೆ ಹೋದಳು. ಇನ್ನೂ ಕೆಲವು ವರ್ಷಕ್ಕೆ ಕ್ಯಾಂಟೀನನ್ನೇ ಗುತ್ತಿಗೆಗೆ ಕೊಟ್ಟರು. ಅದೇ ಒಲೆ, ಅದೇ ಪಾತ್ರೆ, ಅದೇ ಚಿಕ್ಕಮ್ಮ. ಏಪ್ರನ್ನಿನ ಬಣ್ಣ ಮಾತ್ರ ಬದಲಾಗಿ, ಅದರ ಮೇಲೆ ಅವಳು ಎಂದೂ ಮುಖ ನೋಡದ ಯಾವುದೋ ಕಂಪನಿಯ ಹೆಸರು ಬಂತು.

ಈ ತಿಂಗಳ ಕೊನೆಗೆ ಅವಳು ಕೆಲಸ ಬಿಡುವವಳಿದ್ದಳು.

“ಮೂರು ಫೋಟೊದಲ್ಲೂ ಇದೀನಿ ಕಣೇ ಪುಟ್ಟಿ,” ಅಂದಿದ್ದಳು. “ಇದೊಂದ್ರಲ್ಲಿ ನಿಂತ್ಬಿಟ್ರೆ ಸಾಕು. ಇನ್ನೇನೂ ಕೇಳಲ್ಲ ನಾನು.”

“ನಿನ್ನ ಬಿಟ್ಟು ತೆಗೀತೀನಾ ಚಿಕ್ಕಮ್ಮ? ಖಂಡಿತ ನಿಲ್ಲಿಸ್ತೀನಿ,” ಅಂತ ಪುಟ್ಟಿ ಮಾತು ಕೊಟ್ಟಿದ್ದಳು. ಅಷ್ಟು ದೊಡ್ಡ ಗುಂಪಿನಲ್ಲಿ ಒಬ್ಬಳನ್ನು ನಿಲ್ಲಿಸುವುದು ಎಷ್ಟರ ಮಾತು ಅಂದುಕೊಂಡಿದ್ದಳು.

ಹಿಂದಿನ ದಿನ ಅಪ್ಪನನ್ನು ಕರೆದುಕೊಂಡು ಅಂಗಳ ನೋಡಲು ಹೋದಾಗ, ಕಾರ್ಖಾನೆಯ ಮುಂಬಾಗಿಲ ಹಜಾರದಲ್ಲಿ ಮೂರು ಹಳೆಯ ಫೋಟೊಗಳೆದುರು ಒಬ್ಬರು ಕುತ್ತಿಗೆ ಚಾಚಿ ನಿಂತಿದ್ದರು. ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳುವ ಮೇಷ್ಟ್ರು. ಕಾರ್ಖಾನೆಯ ಚರಿತ್ರೆ ಬರೆಯಲು ಅವರನ್ನು ಕರೆಸಿದ್ದರು. ತೆಳ್ಳನೆಯ ಆಳು, ಜೇಬಿನಲ್ಲಿ ಸೋರುವ ಪೆನ್ನು, ಮಾತು ಶುರುವಾದರೆ ಬ್ರೇಕಿಲ್ಲ.

“ನಿಮ್ಮ ತಂದೆಯೋರಾ ತೆಗೆದಿದ್ದು ಮೊದಲನೇದು?” ಅಂತ ಅಪ್ಪನ ಕೈ ಹಿಡಿದುಕೊಂಡುಬಿಟ್ಟರು. “ನಾನು ಇದರ ಮುಂದೆ ಎಷ್ಟೋ ಹೊತ್ತಿಂದ ನಿಂತಿದೀನಿ. ಇಲ್ಲಿ ಮಾಲೀಕರು ಯಾರು ಅಂತ ಗೊತ್ತಾಗ್ತಾನೇ ಇಲ್ವಲ್ಲ!”

ಗೊತ್ತಾಗುವುದಿಲ್ಲ ನಿಜ. ಅಜ್ಜ ಜನರನ್ನು ನಿಲ್ಲಿಸುತ್ತಿದ್ದದ್ದು ಅವರವರ ಎತ್ತರ ನೋಡಿ. ಮಾಲೀಕರು ಕುಳ್ಳಗಿದ್ದರು, ಹಾಗಾಗಿ ಮುಂದಿನ ಸಾಲಿನಲ್ಲಿ, ಕಸ ಗುಡಿಸುವವಳಿಗೂ ಒಬ್ಬ ಫಿಟ್ಟರಿಗೂ ನಡುವೆ ಸಿಕ್ಕಿಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದರು. ಆ ಫೋಟೊ ಎಷ್ಟು ಉದ್ದವೆಂದರೆ ಪುಟ್ಟಿ ಎರಡೂ ತೋಳು ಅಗಲಿಸಿದರೂ ಎರಡು ಕೊನೆ ಕೈಗೆ ಸಿಗುತ್ತಿರಲಿಲ್ಲ. ಎರಡನೆಯದರಲ್ಲಿ ಮುಂದೆ ಕುರ್ಚಿಗಳು ಬಂದಿದ್ದವು. ಅದು ತುಸು ಗಿಡ್ಡ. ಮೂರನೆಯದು ಇನ್ನೂ ಗಿಡ್ಡ, ಬಾಗಿಲಿನಗಲ ಇದ್ದರೆ ಹೆಚ್ಚು. ಇಷ್ಟು ವರ್ಷ ಇವುಗಳ ಮುಂದೆ ಓಡಾಡಿಯೂ ಪುಟ್ಟಿ ಮೂರನ್ನೂ ಒಟ್ಟಿಗೆ ಅಳೆದು ನೋಡಿರಲಿಲ್ಲ. ಈಗ ನೋಡಿದಳು.

“ಕಾರ್ಖಾನೆ ಬೆಳೀತಾ ಹೋಯ್ತು, ಫೋಟೊ ಯಾಕೆ ಚಿಕ್ಕದಾಗ್ತಾ ಬಂತು ಮೇಷ್ಟ್ರೇ?”

“ಅದೇ ನನ್ನ ತಲೆನೋವು. ಕಾರಣ ಒಂದಾಗಿದ್ರೆ ಎಂದೋ ಬರೆದು ಮುಗಿಸ್ತಿದ್ದೆ. ಯಂತ್ರ ಬಂತು, ಅದರ ಲಾಭ ಯಂತ್ರ ಯಾರದೋ ಅವರಿಗೇ ಹೋಯ್ತು. ಕಾರ್ಮಿಕರ ಸಂಘ ಸೊರಗಿತು, ಒಟ್ಟಿಗೆ ಕೇಳೋದು ಬಿಟ್ಟು ಒಬ್ಬೊಬ್ಬರೇ ಹೋಗಿ ಬಾಗಿಲು ತಟ್ಟಬೇಕಾಯ್ತು. ಆಮೇಲೆ ಅಡುಗೆ ಒಬ್ಬರಿಗೆ, ಕಾವಲು ಒಬ್ಬರಿಗೆ, ಪ್ಯಾಕಿಂಗ್ ಇನ್ನೊಬ್ಬರಿಗೆ ಗುತ್ತಿಗೆ. ಬರೋ ಗೇಟು ಅದೇ, ಬರೋ ಜನಾನೂ ಕಮ್ಮಿ ಆಗಿಲ್ಲ. ಆದ್ರೆ ನಮ್ಮೋರು ಅಂತ ಕರೆಸಿಕೊಳ್ಳೋರು ಕಮ್ಮಿ ಆದ್ರು.” ಮೇಷ್ಟ್ರು ಮೊದಲ ಫೋಟೊದ ಫಿಟ್ಟರನ ಮೇಲೆ ಬೆರಳಿಟ್ಟರು. “ಇವರು ಈಗಿನ ಮ್ಯಾನೇಜರ ಅಪ್ಪ. ಮಗ ಇಲ್ಲೇ ಕೆಲಸ ಕಲಿತು, ಕಂಪನಿ ಖರ್ಚಲ್ಲೇ ಓದಿ, ಮೆಟ್ಟಿಲು ಹತ್ತಿ ಮೇಲೆ ಹೋದರು. ಇವತ್ತಿನ ಫಿಟ್ಟರ್ ಬೇರೆ ಕಂಪನಿಯೋನು. ಅವನ ಮಗನಿಗೆ ಹತ್ತೋಕೆ ಇಲ್ಲಿ ಮೆಟ್ಟಿಲೇ ಇಲ್ಲ.”

“ಇದನ್ನೆಲ್ಲ ಮಾಡಿದ್ದು ಯಾರು?” ಅಪ್ಪ ಕೇಳಿದ.

“ಆಶ್ಚರ್ಯ ಅದೇ ನೋಡಿ. ಯಾರನ್ನ ಕೇಳಿದ್ರೂ ನಾನಲ್ಲ ಅಂತಾರೆ. ಅದು ಪೂರ್ತಿ ಸುಳ್ಳೂ ಅಲ್ಲ. ಒಬ್ಬೊಬ್ಬರು ತಮ್ಮ ಕೆಲಸ ತಾವು ನೆಟ್ಟಗೆ ಮಾಡಿದಾರೆ, ಅಷ್ಟಕ್ಕೇ ಇಷ್ಟಾಗಿದೆ.”

“ನಿಮ್ಮದು ಖಾಯಂ ಕೆಲಸಾನಾ ಮೇಷ್ಟ್ರೇ?” ಪುಟ್ಟಿ ಕೇಳಿದಳು.

“ನಾನಾ?” ಮೇಷ್ಟ್ರು ನಕ್ಕರು. “ಅತಿಥಿ ಉಪನ್ಯಾಸಕ. ಹತ್ತು ವರ್ಷದಿಂದ ಅತಿಥಿ. ಇಷ್ಟು ದಿನ ನೆಂಟರ ಮನೇಲಿ ಕೂತಿದ್ರೂ ಓಡಿಸ್ತಿದ್ರು.”

ಮರುದಿನ ಬೆಳಗ್ಗೆ ಕುಲುಮೆ ಹೊತ್ತಿಸಿದರು. ಸಣ್ಣ ಕಿಂಡಿಯಿಂದ ನೋಡಲು ಕಪ್ಪು ಗಾಜಿನ ತುಂಡು ಕೊಟ್ಟಿದ್ದರು. ಖಾಲಿ ಗುಹೆಯಂಥ ಜಾಗದೊಳಗೆ ಎರಡೂ ಬದಿಯಿಂದ ಜ್ವಾಲೆ ನುಗ್ಗಿ ನಡುವೆ ಕೂಡಿಕೊಂಡಾಗ ಪುಟ್ಟಿ ಬಾಯಿಗೆ ಕೈ ಇಟ್ಟುಕೊಂಡಳು. ಇನ್ನು ಎಷ್ಟೋ ವರ್ಷ, ತಾನು ಮುದುಕಿಯಾಗುವ ತನಕ, ಈ ಬೆಂಕಿ ಕಣ್ಣು ಮುಚ್ಚುವುದಿಲ್ಲವಲ್ಲ ಅಂತ ಅವಳಿಗೆ ಒಂದು ಥರ ಭಯವೂ ಆಯಿತು, ಸಂತೋಷವೂ ಆಯಿತು.

ಅಂಗಳಕ್ಕೆ ಬಂದರೆ ಮ್ಯಾನೇಜರು ಕಾಯುತ್ತಿದ್ದರು. ಒಳ್ಳೆಯ ಮನುಷ್ಯ, ಕೋಟಿನ ಗುಂಡಿ ಹಾಕಿಕೊಂಡು ಬಿಚ್ಚಿಕೊಂಡು ಚಡಪಡಿಸುತ್ತಿದ್ದರು.

“ಮೇಡಂ, ಫೋಟೊದಲ್ಲಿ ನಮ್ಮೋರು ಮಾತ್ರ. ಗುತ್ತಿಗೆಯೋರು ಬೇಡ.”

ಪುಟ್ಟಿ ಹೊತ್ತು ತಂದ ಪೆಟ್ಟಿಗೆ ಕೆಳಗಿಟ್ಟಳು. “ನಮ್ಮ ಚಿಕ್ಕಮ್ಮ?”

ಮ್ಯಾನೇಜರು ನೆಲ ನೋಡಿದರು. ಕೆಲಸ ಕಲಿಯುವ ದಿನಗಳಲ್ಲಿ ಚಿಕ್ಕಮ್ಮ ಅವರ ತಟ್ಟೆಗೆ ಎರಡನೇ ಸಲ ಬಡಿಸುವಾಗ ಕೇಳುತ್ತಲೇ ಇರಲಿಲ್ಲ, ಸುರಿದುಬಿಡುತ್ತಿದ್ದಳು. “ಅವರನ್ನ ನಿಲ್ಲಿಸಿದ್ರೆ ಉಳಿದೋರು ನಾವ್ಯಾಕೆ ಬೇಡ ಅಂತಾರೆ. ಎಲ್ಲರನ್ನೂ ನಿಲ್ಲಿಸಿದ್ರೆ ನಾಳೆ ಕೋರ್ಟಲ್ಲಿ ಇದೇ ಫೋಟೊ ತೋರಿಸಿ, ನೋಡಿ ನಾವು ಇವರ ನೌಕರರೇ ಅಂತಾರೆ. ಮೇಲಿನೋರು ಖಡಾಖಂಡಿತವಾಗಿ ಬೇಡ ಅಂದಿದಾರೆ. ನನ್ನ ಕೈಲೇನೂ ಇಲ್ಲ.”

“ನಾನು ಮಾತು ಕೊಟ್ಟಿದೀನಿ ಸರ್.”

“ನನಗೂ ಬೇಜಾರೇ ಮೇಡಂ. ನಿಲ್ಲಿಸೋಕಾಗಲ್ಲ.”

ಪುಟ್ಟಿ ಕ್ಯಾಮೆರಾ ಪೆಟ್ಟಿಗೆ ಎತ್ತಿಕೊಂಡು ಹೊರಟೇ ಬಿಡುತ್ತಿದ್ದಳು. ಆದರೆ ಚಿಕ್ಕಮ್ಮ ಅಷ್ಟರಲ್ಲಿ ಅಪ್ಪನ ತೋಳು ಹಿಡಿದು ನಡೆಸಿಕೊಂಡು ಬರುತ್ತಿದ್ದಳು. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು, ಏಪ್ರನ್ ತೆಗೆದಿಟ್ಟು ಬಂದಿದ್ದಳು. ವಿಷಯ ಕೇಳಿ ಸೆರಗು ಸರಿಪಡಿಸಿಕೊಂಡಳು. ಆಮೇಲೆ, “ರಂಪ ಮಾಡ್ಬೇಡ ಕಣೇ. ಭಾವನಿಗೆ ಕಣ್ಣು ಸರಿಯಾಗಿ ಕಾಣ್ಸಲ್ಲ, ನಾನು ಹಿಡ್ಕೊಂಡಿರ್ತೀನಿ. ನೀನು ನಿನ್ನ ಕೆಲಸ ನೋಡು,” ಅಂದಳು. ಮುಖ ಮಾತ್ರ ಬಾಡಿಹೋಗಿತ್ತು. ಆ ಮುಖ ನೋಡಿ ಪುಟ್ಟಿಗೆ ಮ್ಯಾನೇಜರ ಮೇಲೆ, ಮೇಲಿನವರ ಮೇಲೆ, ಅವರ ಮೇಲಿನವರ ಮೇಲೆ ಎಲ್ಲರ ಮೇಲೂ ಕೆಂಡದಂಥ ಕೋಪ ಬಂತು.

ಈ ಕ್ಯಾಮೆರಾ ಮಾಮೂಲಿಯದಲ್ಲ. ಹಿತ್ತಾಳೆಯ ಹಲ್ಲುಚಕ್ರದ ಮೇಲೆ ಕೂತ ಮರದ ಪೆಟ್ಟಿಗೆ. ಕೀಲಿ ತಿರುಚಿ ಬಿಟ್ಟರೆ ಗಡಿಯಾರದಂತೆ ಕಿರಕಿರನೆ ಸದ್ದು ಮಾಡುತ್ತ ತಾನೇ ನಿಧಾನವಾಗಿ ತಿರುಗುತ್ತದೆ. ತಿರುಗಿದಷ್ಟೂ ಒಳಗೆ ಫಿಲ್ಮಿನ ಸುರುಳಿ ಸರಿಯುತ್ತದೆ. ಎದುರಿಗಿದ್ದವರೆಲ್ಲ ಒಬ್ಬರ ಹಿಂದೊಬ್ಬರು ಬಂದು ಅದರಲ್ಲಿ ಕೂರುತ್ತಾರೆ. ಕೊನೆಯವನು ದಾಟಿದ ಕೂಡಲೇ ನಿಲ್ಲಲಿ ಅಂತ ಚಕ್ರದ ತೂತಿಗೆ ಒಂದು ಪಿನ್ನು ಚುಚ್ಚಬೇಕು. ಪಿನ್ನಿಲ್ಲದಿದ್ದರೆ ಎಲ್ಲಿ ನಿಲ್ಲಬೇಕೆಂದು ಅದಕ್ಕೆ ತಿಳಿಯದು. ಕೀಲಿ ಪುಟ್ಟಿಯ ಪಾಲು, ಪಿನ್ನು ಅಪ್ಪನ ಪಾಲು. ಆ ಕೆಲಸವನ್ನು ಅವನು ಮಗಳಿಗೂ ಬಿಟ್ಟುಕೊಟ್ಟಿರಲಿಲ್ಲ.

‘ನಮ್ಮೋರು’ ಬಂದು ಮೂರು ಸಾಲಿನಲ್ಲಿ ನಿಂತರು. ಚೆಂದದ ಕುರ್ಚಿಗಳು, ಚೆಂದದ ಕೋಟುಗಳು. ಮ್ಯಾನೇಜರು ನಡುವೆ ಕೂತರು. ಕಾವಲಿನವರು ಉಳಿದ ಜನರನ್ನೆಲ್ಲ ಕ್ಯಾಮೆರಾದ ಹಿಂದಕ್ಕೆ, ಗೋದಾಮಿನ ಕಡೆಗೆ ಕಳಿಸಿ, ತಾವೂ ಹೋಗಿ ಅಲ್ಲೇ ನಿಂತರು. ತಾವೂ ಗುತ್ತಿಗೆಯವರೇ ಅಂತ ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಪುಟ್ಟಿ ಕೀಲಿ ಬಿಟ್ಟಳು. ಕ್ಯಾಮೆರಾ ಎಡಗಡೆಯಿಂದ ಕೋಟುಗಳ ಮೇಲೆ ಸಾಗಿತು, ಮ್ಯಾನೇಜರನ್ನು ದಾಟಿತು, ಕೊನೆಯ ಕುರ್ಚಿಯನ್ನು ದಾಟಿತು. ನಿಲ್ಲಲಿಲ್ಲ. ಪುಟ್ಟಿ ಗಾಬರಿಯಿಂದ ಅಪ್ಪನ ಕಡೆ ನೋಡಿದಳು. ಪಿನ್ನು ಅವನ ತುಟಿಗಳ ನಡುವೆ ಇತ್ತು. ಚಕ್ರದ ತೂತು ತಡಕುವಾಗ ಬಾಯಲ್ಲಿಟ್ಟುಕೊಂಡದ್ದು, ಚಿಕ್ಕಮ್ಮನ ಚಿಂತೆಯಲ್ಲಿ ಅಲ್ಲೇ ಉಳಿದುಬಿಟ್ಟಿತ್ತು. ಪಿನ್ನು ಕಚ್ಚಿಕೊಂಡೇ ಅಪ್ಪ “ಮ್ಮ್! ಮ್ಮ್!” ಅಂದ.

ತಿರುಗುವ ಕ್ಯಾಮೆರಾವನ್ನು ಕೈಯಿಂದ ಹಿಡಿದರೆ ಚಕ್ರದ ಹಲ್ಲು ಮುರಿದೀತು. ಇಂಥ ಹೊತ್ತಲ್ಲಿ ಅವರ ಮನೆಯಲ್ಲಿ ಕಲಿಸಿದ್ದು ಒಂದೇ: ಕ್ಯಾಮೆರಾದ ಬೆನ್ನು ಬಿಡಬೇಡ, ಅದು ತಿರುಗಿದ ಹಾಗೆ ನೀನೂ ಹಿಂದೆ ಹಿಂದೆ ಸುತ್ತು. ಪುಟ್ಟಿಗೆ ಯೋಚಿಸಲು ವ್ಯವಧಾನವೇ ಇರಲಿಲ್ಲ. “ಹಿಂದೆ ಬಾ ಚಿಕ್ಕಮ್ಮ, ಅಡ್ಡ ಬರ್ತೀಯಾ!” ಅಂತ ಕೂಗಿ, ಅವಳ ಸೆರಗು ಹಿಡಿದು ಎಳೆದಳು. ಚಿಕ್ಕಮ್ಮ ಅಪ್ಪನನ್ನೂ ಎಳೆದುಕೊಂಡು ಬಂದಳು. ಮೂವರೂ ಒಬ್ಬರಿಗೊಬ್ಬರು ಅಂಟಿಕೊಂಡು, ಕ್ಯಾಮೆರಾದ ಬೆನ್ನಿಗೆ ಬೆನ್ನಿಗೇ, ಪೂರ್ತಿ ಒಂದು ಸುತ್ತು ಬಂದರು. ಯಾರೋ ಹೋ ಅಂತ ನಕ್ಕರು. ಕೊನೆಗೆ ಕೀಲಿ ತೀರಿ, ಕ್ಯಾಮೆರಾ ಶುರುವಾದ ಕಡೆಗೇ ಬಂದು ನಿಂತಿತು.

ಫಿಲ್ಮು ತೊಳೆಯಲು ಪುಟ್ಟಿಗೆ ಒಂದು ಪೂರ್ತಿ ಮಧ್ಯಾಹ್ನ ಬೇಕಾಯಿತು. ಅಚ್ಚು ಹಾಕಿ, ಒಣಗಿಸಿ, ಸ್ಟುಡಿಯೋದ ನೆಲದ ಮೇಲೆ ಬಿಡಿಸಿದಾಗ ಅವಳು ಅಲ್ಲೇ ಕೂತುಬಿಟ್ಟಳು. ಗೋಡೆಯಿಂದ ಗೋಡೆಗೆ ಹಾಸಿಕೊಂಡಿತ್ತು ಆ ಚಿತ್ರ. ಮೊದಲು ಕೋಟು, ಕುರ್ಚಿ, ಒಂದು ಮೊಳದಷ್ಟು. ಅದಾದ ಮೇಲೆ ಸ್ವಲ್ಪ ಖಾಲಿ ಅಂಗಳ. ಅದಾದ ಮೇಲೆ ಜನ. ಖಾಕಿಯವರು, ಪ್ಯಾಕಿಂಗಿನ ಹೆಂಗಸರು, ಗಾಜಿನ ಚೂರು ಹೊರುವವರು, ಲಾರಿಯವರು, ಕಕ್ಕಸು ತೊಳೆಯುವವರು, ಯಂತ್ರ ರಿಪೇರಿಯವರು. ನೀಲಿ, ಹಸಿರು, ಕಿತ್ತಳೆ ಬಟ್ಟೆಗಳೆಲ್ಲ ಕಪ್ಪುಬಿಳುಪಿನಲ್ಲಿ ಒಂದೇ ಬಣ್ಣವಾಗಿದ್ದವು. ಯಾರೂ ಸಿದ್ಧವಾಗಿ ನಿಂತವರಲ್ಲ. ಒಬ್ಬಳು ಜಡೆ ಬಿಗಿದುಕೊಳ್ಳುತ್ತಿದ್ದಾಳೆ, ಒಬ್ಬ ಆಕಳಿಸುತ್ತಿದ್ದಾನೆ, ಅವರ ಮಧ್ಯೆ ಮೇಷ್ಟ್ರು ಬಾಯಿ ತೆರೆದುಕೊಂಡು ನಿಂತಿದ್ದಾರೆ. ಅವರ ತಲೆಗಳ ಮೇಲೆ ಚಿಮಣಿಯ ಹೊಸ ಹೊಗೆ. ಪುಟ್ಟಿ ಎಷ್ಟೋ ಚಿತ್ರ ಕಂಡವಳು. ತಾನೇ ತೆಗೆದದ್ದರ ಮುಂದೆ ಹೀಗೆ ಕೂತದ್ದು ಇದೇ ಮೊದಲು.

ಆಮೇಲೆ ಚಿಕ್ಕಮ್ಮನನ್ನು ಹುಡುಕಿದಳು. ಮೊಣಕಾಲ ಮೇಲೆ ತೆವಳುತ್ತ, ಭೂತಗಾಜು ಹಿಡಿದು ಹುಡುಕಿದಳು. ಇರಲಿಲ್ಲ. ಇರಲು ಹೇಗೆ ಸಾಧ್ಯ? ಇಡೀ ಕಾರ್ಖಾನೆಯಲ್ಲಿ ಫೋಟೊಕ್ಕೆ ಬಾರದೆ ಉಳಿದ ಗುತ್ತಿಗೆಯವಳು ಅವಳೊಬ್ಬಳೇ. ಬೇಡ ಅಂದದ್ದು ಮ್ಯಾನೇಜರು. ಆದರೆ ಸೆರಗು ಹಿಡಿದು ಹಿಂದಕ್ಕೆ ಎಳೆದದ್ದು ಪುಟ್ಟಿ. ಒಂದು ಹೆಜ್ಜೆ ಮುಂದೆ ತಳ್ಳಿದ್ದರೆ ಸಾಕಿತ್ತು. ತನ್ನ ಕೆಲಸ ತಾನು ನೆಟ್ಟಗೆ ಮಾಡಿದ್ದಳು, ಅಷ್ಟೆ. ಅವಳು ತಲೆ ಮೇಲೆ ಕೈ ಹೊತ್ತುಕೊಂಡು ಅತ್ತಳು.

ಸುದ್ದಿ ತಿಳಿದು ಮ್ಯಾನೇಜರು ಮರುದಿನವೇ ಓಡಿಬಂದರು. ಅವರು ಬರುವಾಗ ಚಿಕ್ಕಮ್ಮನೂ ಅಪ್ಪನಿಗೆ ಊಟ ತಂದು ಸ್ಟುಡಿಯೋದಲ್ಲಿದ್ದಳು. ಸುರುಳಿ ಬಿಡಿಸಿದ್ದೇ ತಡ, ಮ್ಯಾನೇಜರ ಮುಖ ಬಿಳಿಚಿಕೊಂಡಿತು.

“ಇದನ್ನ ಯಾರಿಗೂ ತೋರಿಸ್ಬೇಡಿ ಮೇಡಂ. ನಮ್ಮ ಭಾಗ ಮಾತ್ರ ಕತ್ತರಿಸಿ ಕೊಟ್ಬಿಡಿ.”

“ಕತ್ತರಿಸೋಕೆ ಮುಂಚೆ ಒಂದ್ಸಲ ನೋಡ್ಬೇಕಾದ ಹಾಗೆ ನೋಡಿಬಿಡಿ,” ಅಂದ ಅಪ್ಪ. “ಇಂಥದ್ದನ್ನ ನೆಲದ ಮೇಲೆ ಹಾಸಿ ನೋಡೋದಲ್ಲ. ಎರಡು ತುದಿ ಕೂಡಿಸಿ ಬಳೆ ಥರ ಹಿಡೀಬೇಕು, ಒಳಗೆ ಒಬ್ಬರು ನಿಲ್ಬೇಕು. ಸಾರ್, ನೀವು ತುದಿ ಹಿಡ್ಕೊಳ್ಳಿ. ಬಿಟ್ರೆ ಸುತ್ಕೊಂಡುಬಿಡುತ್ತೆ, ಬಿಗಿಯಾಗಿ.”

ಮ್ಯಾನೇಜರು ಬೇಡವೆನ್ನಲಾಗದೆ ಎರಡು ತುದಿಗಳನ್ನೂ ಕೂಡಿಸಿ ಹಿಡಿದರು. ಪುಟ್ಟಿ ಎದುರು ಬದಿ ಹಿಡಿದಳು. “ಹೋಗಮ್ಮಾ, ಒಳಗೆ ನಿಂತ್ಕೋ,” ಅಂತ ಅಪ್ಪ ಚಿಕ್ಕಮ್ಮನಿಗೆ ಹೇಳಿದ. ಚಿಕ್ಕಮ್ಮ ಬಗ್ಗಿ ಅಡಿಯಿಂದ ತೂರಿ ಒಳಗೆ ಎದ್ದು ನಿಂತಳು. ಹೊರಗಿನವರಿಗೆ ಅವಳ ತಲೆಗೂದಲು ಮಾತ್ರ ಕಾಣುತ್ತಿತ್ತು.

ಆಮೇಲೆ ಅವಳು ನಿಧಾನಕ್ಕೆ ತಿರುಗತೊಡಗಿದಳು.

“ಅಯ್ಯೋ, ಅಂಗಳದಲ್ಲೇ ನಿಂತ ಹಾಗಿದೆಯಲ್ಲೇ! ಇವಳು ಪ್ಯಾಕಿಂಗಿನೋಳು, ಉಪ್ಪು ಕಮ್ಮಿ ಅಂತ ದಿನಾ ಮೂಗು ಮುರೀತಾಳೆ. ಇವನು ರಾತ್ರಿ ಪಾಳಿ, ಅನ್ನ ತಣ್ಣಗಿದ್ರೂ ಮಾತಾಡಲ್ಲ ಪಾಪ. ಇವನ್ಯಾರು... ಓ, ಲಾರಿಯೋನು. ಇವರು, ಇವರು... ಅಬ್ಬಬ್ಬಾ, ಮುಗೀತಾನೇ ಇಲ್ಲ ಕಣೇ ಪುಟ್ಟಿ!”

“ಚಿಕ್ಕಮ್ಮ,” ಅಂದಳು ಪುಟ್ಟಿ. “ನೀನಿಲ್ಲ ಅದರಲ್ಲಿ. ನಾನೇ ಹಿಂದಕ್ಕೆ ಎಳೆದುಬಿಟ್ಟೆ. ಮಾತು ಕೊಟ್ಟು ನಾನೇ ಎಳೆದುಬಿಟ್ಟೆ.”

ಒಳಗೆ ತಿರುಗುತ್ತಿದ್ದ ತಲೆ ನಿಂತಿತು.

“ಗೊತ್ತು ಕಣೇ. ಸೆರಗು ಹರಿದಿದೆ, ಹೊಲೀಬೇಕು,” ಅಂದಳು ಚಿಕ್ಕಮ್ಮ. “ಬೇಜಾರಾಗಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಇದನ್ನ ನೋಡೇ... ನನ್ನ ಹತ್ರ ಇವರು ಹತ್ತು ಹತ್ತು ಜನವಾಗಿ ಬರ್ತಿದ್ರು. ಒಂದು ಪಾಳಿ ಎದ್ದ ಮೇಲೆ ಇನ್ನೊಂದು ಪಾಳಿ. ಒಟ್ಟಿಗೆ ಒಂದಿನಾನೂ ಕಂಡಿಲ್ಲ. ಇಷ್ಟು ಜನಕ್ಕಾ ನಾನು ಅನ್ನ ಹಾಕ್ತಿದ್ದಿದ್ದು? ಇಷ್ಟೊಂದು ಜನಕ್ಕಾ?”

ಮ್ಯಾನೇಜರು ಕಾಗದದ ಅಂಚಿನ ಮೇಲಿಂದ ಒಳಗೆ ಇಣುಕಿದರು.

“ಅಕ್ಕಾ,” ಅಂದರು ಅವರು. ಮ್ಯಾನೇಜರಾದ ಮೇಲೆ ಹಾಗೆ ಕರೆದದ್ದು ಅದೇ ಮೊದಲು. “ನಾನೂ ಒಂದ್ಸಲ ಒಳಗೆ ಬರ್ಲಾ?”

ಚಿಕ್ಕಮ್ಮ ಹೊರಗೆ ಬಂದು ತುದಿಗಳನ್ನು ಅವರ ಕೈಯಿಂದ ತೆಗೆದುಕೊಂಡಳು. ಮ್ಯಾನೇಜರು ಕೋಟು ಕಳಚಿಟ್ಟು, ಬಗ್ಗಿ ಒಳಗೆ ಹೋದರು. ತುಂಬ ಹೊತ್ತು ನಿಂತರು. ಒಂದು ಸುತ್ತು ಮುಗಿದ ಮೇಲೆ ಇನ್ನೊಂದು ಸುತ್ತು ತಿರುಗಿದ್ದು ಬೂಟಿನ ಸದ್ದಿನಿಂದ ತಿಳಿಯಿತು. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು.

“ಕತ್ತರಿಸ್ಲೇಬೇಕು ಮೇಡಂ,” ಅಂದರು, ಯಾರ ಮುಖವನ್ನೂ ನೋಡದೆ. “ಇದನ್ನ ಗೋಡೆ ಮೇಲೆ ಹಾಕಿದ್ರೆ ನಾನು ಈ ಕೆಲಸದಲ್ಲಿರಲ್ಲ. ಉಳಿದಿದ್ದು ಏನಾಯ್ತು ಅಂತ ನಾನು ಕೇಳಲ್ಲ. ಯಾರ ಹತ್ರ ಇದೆ ಅಂತಾನೂ ಕೇಳಲ್ಲ.”

ಪುಟ್ಟಿ ಕತ್ತರಿ ತಂದಳು. ಕೊನೆಯ ಕುರ್ಚಿ ಮುಗಿದು ಖಾಲಿ ಅಂಗಳ ಶುರುವಾಗುವ ಕಡೆ ಕತ್ತರಿಸಿದಳು. ಮ್ಯಾನೇಜರು ಆ ಮೊಳದುದ್ದದ ತುಂಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಚಿಕ್ಕಮ್ಮನಿಗೆ ತಲೆಬಾಗಿಸಿ ಹೊರಟುಹೋದರು. ಅದಕ್ಕೆ ದೊಡ್ಡ ಚೌಕಟ್ಟು ಹಾಕಿಸಿ ಹಜಾರದಲ್ಲಿ ತೂಗುಹಾಕುವುದಿತ್ತು.

ಉಳಿದದ್ದನ್ನು ಚಿಕ್ಕಮ್ಮ ನೆಲದ ಮೇಲೆ ಕೂತು ಸುತ್ತಿದಳು, ಮೆಲ್ಲಗೆ, ಯಾರ ಮುಖಕ್ಕೂ ಮಡಿಕೆ ಬೀಳದ ಹಾಗೆ. ಸುತ್ತಿ ಮುಗಿಸಿ ದಾರ ಕಟ್ಟಿ ಮಡಿಲಲ್ಲಿಟ್ಟುಕೊಂಡು, ಅಂಗೈಯಲ್ಲಿ ಹಿಡಿದು ನೋಡಿದಳು. ಪುಟ್ಟಿಯ ಕಡೆಗೂ ಚಾಚಿದಳು. ಪುಟ್ಟಿ ಮುಟ್ಟಿ ನೋಡಿದಳು. ಸುರುಳಿ ಹೆಚ್ಚುಕಡಿಮೆ ಮೊದಲಿದ್ದಷ್ಟೇ ದಪ್ಪ ಇತ್ತು.